ನಮ್ಮವ್ವ ಬೈದ ಹಾಡು

ನಮ್ಮ ಬ್ಯಾಂಡಿಗೆ ಹೆಸರು ತಂದ ಹಾಡನ್ನು ಯಾರು ಬರೆದರು ಎಂದು ಬೆಂಗಳೂರಿನಲ್ಲಿ ಕೇಳಿದಾಗಲೆಲ್ಲ ನಾನು ಖರೆ ಹೇಳಿದ್ದೇನೆ. ಒಬ್ಬರೂ ನಂಬಿಲ್ಲ. ಅದನ್ನು ಯಾರೂ ಬರೆದದ್ದಲ್ಲ. ನಮ್ಮವ್ವ ಶಹಾಬಾದಿನ ನಮ್ಮ ಮನೆ ಮುಂದೆ ದಿನಾ ಮುಂಜಾನೆ ಕಸ ಹೊಡೆಯುತ್ತ ಧೂಳನ್ನು ಬೈಯುತ್ತಿದ್ದಳು. ಆ ಬೈಗುಳಕ್ಕೆ ನಾವು ಡ್ರಮ್ಮು, ಗಿಟಾರು ಹಚ್ಚಿದೆವು, ಅಷ್ಟೇ. ಟಿವಿಯ ನಿರೂಪಕರು ಇದನ್ನು ಕೇಳಿ ನಕ್ಕು, "ಹೌ ಸ್ವೀಟ್" ಎಂದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ರಾಕ್ ಎಂದರೆ ಕಲ್ಲು, ನೀವು ಕಲ್ಲಿನ ಊರಿನವರು ಎಂಬ ಜೋಕನ್ನು ಮಾತ್ರ ಪ್ರತಿಯೊಬ್ಬರೂ ತಾವೇ ಕಂಡುಹಿಡಿದವರ ಹಾಗೆ ಹೇಳಿದರು. ನಾವೂ ಪ್ರತಿಸಲ ಮೊದಲ ಸಲ ಕೇಳಿದವರ ಹಾಗೆ ನಕ್ಕೆವು.

ನಮ್ಮವ್ವನ ಬೈಗುಳಕ್ಕೆ ಒಂದು ರೀತಿ ಇತ್ತು. ಬೇರೆಯವರು ಧೂಳಿಗೆ ಥೂ ಎನ್ನುತ್ತಾರೆ. ಇವಳು ಕರೆಯದೆ ಬಂದ ಬೀಗಿತ್ತಿಯನ್ನು ಉಪಚರಿಸಿದ ಹಾಗೆ ಉಪಚರಿಸುತ್ತಿದ್ದಳು.

"ಬಂದೇನವ್ವಾ ಧೂಳವ್ವಾ, ಬಾ, ಕುಂದ್ರು. ನಿನ್ನಿ ಉಂಡು ಹೋದಾಕಿ ಇವತ್ತ ಮತ್ತ ಹಸದು ಬಂದೇನು? ನನ್ನ ಗಂಗಾಳದಾಗ ಉಣ್ಣು. ನನ್ನ ಕೌದಿ ಹೊಚ್ಗೊಂಡು ಮಲಕ್ಕೋ. ಹೊಳ್ಳಿ ಹೋಗೂ ಮಾತ ಮಾತ್ರ ಆಡಬ್ಯಾಡ. ಹೋಗ್ತೀಯೋ ಇಲ್ಲೋ?"

ಕೊನೆಯ ಮಾತಿಗೆ ಬಾರಿಗೆಯ ಬುಡವನ್ನು ಕಟ್ಟೆಗೆ ಒಮ್ಮೆ ಕುಟ್ಟುವಳು. ಧೂಳು ಏನು ಜವಾಬು ಕೊಟ್ಟೀತು? ನಮ್ಮ ಹಾಡಿನಲ್ಲಿ ಧೂಳಿನ ಪರವಾಗಿ ನಾವೇ "ಹೋಗಲ್ಲ!" ಎಂದು ಒದರಿದೆವು. ಇಡೀ ಹಾಡಿನಲ್ಲಿ ನಾವು ಸ್ವಂತ ತಲೆ ಉಪಯೋಗಿಸಿದ್ದು ಈ ಒಂದೇ ಶಬ್ದಕ್ಕೆ.

ಅವ್ವ ನನಗೆ ತಿಳಿವಳಿಕೆ ಬಂದಾಗಿನಿಂದ ಪಾಲಿಶ್ ಕಾರ್ಖಾನೆಯಲ್ಲಿ ದುಡಿದವಳು. ನೆಲಕ್ಕೆ ಹಾಸುವ ಪರ್ಸಿ ಕಲ್ಲನ್ನು ಅಲ್ಲಿ ಮಷೀನಿಗೆ ಕೊಟ್ಟು ತಿಕ್ಕುತ್ತಾರೆ. ಆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವಳ ಕಿವಿ ಸವೆದುಹೋಗಿತ್ತು. ಕಲಬುರಗಿಯ ಡಾಕ್ಟರು ಪರೀಕ್ಷೆ ಮಾಡಿ, ಹೋದದ್ದು ಬರುವುದಿಲ್ಲ, ಉಳಿದದ್ದೂ ನಿಲ್ಲುವುದಿಲ್ಲ ಎಂದರು. ಕಿವಿಗೆ ಹಾಕುವ ಮಷೀನು ಕೊಡಿಸಿದೆ. ಅದು ಚೀರುತ್ತದೆ ಎಂದು ತೆಗೆದು ಕುಂಕುಮದ ಭರಣಿಯಲ್ಲಿ ಇಟ್ಟಳು. ಅವಳಿಗೆ ಕೇಳುತ್ತಿದ್ದುದು ದೊಡ್ಡ ಸದ್ದುಗಳು ಮಾತ್ರ: ಖಣಿಯಲ್ಲಿ ಮದ್ದಿಟ್ಟು ಕಲ್ಲು ಹಾರಿಸಿದ್ದು, ವಾಡಿ ಕಡೆ ಹೋಗುವ ಗೂಡ್ಸ್ ಗಾಡಿಯ ಹಾರ್ನು, ಮತ್ತೆ ನನ್ನ ಡ್ರಮ್ಮು. ಅವಳ ಕಿವಿಯಲ್ಲಿ ನನ್ನ ಡ್ರಮ್ಮು ಖಣಿಯ ಪಕ್ಕದಲ್ಲೇ ಜಾಗ ಪಡೆದಿದೆಯೆಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಹಾಡು ಹೆಸರಾದಾಗ ಮೊಬೈಲನ್ನು ಅವಳ ಕಿವಿಗೆ ಒತ್ತಿ ಕೇಳಿಸಿದೆ. ಮುಖ ಕಿವುಚಿದಳು.

"ನೊಣ ಗುಂಯ್ ಅಂದಂಗ ಆಗ್ತದ. ಇದೇನು ಹಾಡಲೇ?"

"ಎವ್ವಾ, ನಿನ್ನ ಬೈಗಳನ ಇದು!" ಅವಳ ಮುಖದ ಮುಂದೆ ಬಾಯಿ ಅಗಲಿಸಿ ಹೇಳಿದೆ. ನನ್ನ ತುಟಿ ನೋಡಿದರೆ ಅವಳಿಗೆ ಮಾತು ತಿಳಿಯುತ್ತಿತ್ತು.

"ಸುಳ್ಳ ಹೇಳಬ್ಯಾಡ. ಬೈದದ್ದ ಕೇಳಾಕ ಮಂದಿ ಟಿಕೀಟು ತಗೋತಾರೇನು? ಹಂಗಿದ್ದರ ನಮ್ಮ ಓಣ್ಯಾಗಿನ ಹೆಣ್ಮಕ್ಕಳು ಬಂಗ್ಲಾ ಕಟ್ಟಸ್ತಿದ್ದರು." ನಂತರ ಮೊಬೈಲನ್ನು ನನ್ನ ಕೈಗಿಟ್ಟು ಅಂದಳು, "ಈ ಕಿವಿ ಪೂರ್ತಿ ಮುಚ್ಚೂದರೊಳಗ ಒಮ್ಮೆ ಕೇಳಸಪ್ಪಾ. ನಂದ ಹೌದೋ ಅಲ್ಲೋ, ನನ್ನ ಕಿವೀಲೆ ಕೇಳಿ ನಂಬ್ತೀನಿ."

ಅವ್ವ ನನ್ನಿಂದ ಏನನ್ನಾದರೂ ಕೇಳಿದ್ದು ಅಪರೂಪ. ಅವತ್ತಿನಿಂದ ಅದೊಂದು ಮಾತು ನನ್ನ ಎದೆಯಲ್ಲಿ ಕುಂತುಬಿಟ್ಟಿತು.

ಬ್ಯಾಂಡಿನಲ್ಲಿ ನಾವು ನಾಲ್ವರು. ಹಾಡುವವನು ವಾಡಿಯವನು, ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಗಾಡಿಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ಗಂಟಲಿಗೆ ಮೈಕು ಬೇಕಿರಲಿಲ್ಲ. ಗಿಟಾರಿನವನು ಚಿತ್ತಾಪುರದವನು, ಕೋರ್ಟಿನ ಎದುರು ಅವನ ಅಬ್ಬಾನ ಟಿವಿ ರಿಪೇರಿ ಅಂಗಡಿ. ನಮ್ಮ ಮೊದಲ ಆಂಪ್ಲಿಫೈಯರನ್ನು ಹಳೆಯ ಟಿವಿಗಳ ಹೊಟ್ಟೆ ಬಗೆದು ಅವನೇ ಮಾಡಿದ. ಅದು ನಡುನಡುವೆ ಹೈದರಾಬಾದಿನ ರೇಡಿಯೋವನ್ನೂ ನುಡಿಸುತ್ತಿತ್ತು. ಬೇಸ್ ಗಿಟಾರಿನವನು ಚಿಂಚೋಳಿಯವನು. ಅವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು, ಅದಕ್ಕೇ ನಮಗೆ ಅವನ ಬೈಗುಳ ಅರ್ಧವೇ ಹತ್ತುತ್ತಿತ್ತು. ಡ್ರಮ್ಮು ನಾನು. ಹೆಸರಿಗಿಂತ ಊರಿನಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದೆವು. "ಏ ಚಿತ್ತಾಪುರ, ಸೌಂಡ್ ಕಮ್ಮಿ ಮಾಡಲೇ" ಎಂದರೆ ತಾಲೂಕಿನವರೆಲ್ಲ ಸುಮ್ಮನಾಗಬೇಕು, ಹಾಗಿರುತ್ತಿತ್ತು.

ಪ್ರಾಕ್ಟೀಸು ಅವ್ವ ದುಡಿಯುತ್ತಿದ್ದ ಪಾಲಿಶ್ ಕಾರ್ಖಾನೆಯ ಷೆಡ್ಡಿನಲ್ಲಿ, ರಜೆಯ ದಿನ. ಬೇರೆ ಎಲ್ಲೇ ಬಾರಿಸಿದರೂ ಮಂದಿ ಬಂದು ಬಾಗಿಲು ಬಡಿಯುತ್ತಿದ್ದರು. ಷೆಡ್ಡಿನ ಸುತ್ತಲಿನವರು ಮಾತ್ರ, "ಇವತ್ತ ಮಷೀನು ಸಣ್ಣಗ ನಡದದ" ಎಂದುಕೊಂಡು ಸುಮ್ಮನಿದ್ದರು. ಅವ್ವ ಒಮ್ಮೊಮ್ಮೆ ಬಂದು ಬಾಗಿಲಲ್ಲಿ ನಿಲ್ಲುವಳು. ನನ್ನ ಡ್ರಮ್ಮು ಎದೆಗೆ ಬಡಿಯುತ್ತದೆ ಎಂದು ಖುಷಿಪಡುವಳು. ಆದರೆ ವಾಡಿಯವನ ಮಾತು ಅವಳನ್ನು ಮುಟ್ಟುತ್ತಿರಲಿಲ್ಲ. ಚಿತ್ತಾಪುರದವನ ಡಬ್ಬಿಗೆ ಅಷ್ಟು ತಾಕತ್ತು ಎಲ್ಲಿಯದು!

ಅದೇ ಷೆಡ್ಡಿನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಊರೂರು ತಿರುಗಿತು. ನಾಲ್ವರ ತಲೆ, ಹುಬ್ಬು, ಮೀಸೆ ಎಲ್ಲ ಬಿಳಿ. ಡ್ರಮ್ಮಿಗೆ ಒಂದು ಏಟು ಬಿದ್ದರೆ ಧೂಳು ಒಂದು ಮಾರು ಮೇಲೆ ಹಾರುತ್ತದೆ. ಅದು ಬೆಂಗಳೂರಿಗೆ ಹೋಗಿ ಮುಟ್ಟಿದ್ದೇ ತಡ, ಒಂದು ಕಂಪನಿಯ ಮ್ಯಾನೇಜರು ಫೋನು ಮಾಡಿ, ನಿಮ್ಮದು ಆಲ್ಟರ್ನೇಟಿವ್ ರಾಕ್ ಎಂದ. ನಾವು ಏನು ಬಾರಿಸುತ್ತೇವೆಂದು ನಮಗೆ ಗೊತ್ತಾದದ್ದು ಅವತ್ತೇ. "ಆ ಮೇಕಪ್ ಯಾರು ಮಾಡಿದ್ದು? ಬ್ರಿಲಿಯಂಟ್!" ಎಂದೂ ಕೇಳಿದ. ಮೇಕಪ್ಪಲ್ಲ, ಕಲ್ಲಿನ ಧೂಳು ಎಂದೆ. "ಹಾಗಾದರೆ ಇನ್ನೂ ಬ್ರಿಲಿಯಂಟ್!" ಎಂದ.

ಮುಂದಿನದೆಲ್ಲ ಜಾತ್ರೆಯೇ. ಬೆಂಗಳೂರು, ಹುಬ್ಬಳ್ಳಿ, ಮೈಸೂರು, ಹೈದರಾಬಾದು. ನಾವು ಮೈ ಉಜ್ಜಿ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೋದರೆ ಅಲ್ಲಿ ಒಬ್ಬ ಹೆಣ್ಣುಮಗಳು ನಮಗೆ ಪೌಡರು ಬಳಿದು ಬಿಳಿ ಮಾಡುತ್ತಿದ್ದಳು. ಸ್ಟೇಜಿನ ಎರಡೂ ಬದಿ ದೊಡ್ಡ ಫ್ಯಾನಿಟ್ಟು ಮೈದಾಹಿಟ್ಟು ಹಾರಿಸುತ್ತಿದ್ದರು. ನಮ್ಮೂರಿನಲ್ಲಿ ಪುಕ್ಕಟೆ ಮೂಗಿಗೆ ಬರುವುದನ್ನು ಇವರು ಬಾಡಿಗೆಗೆ ತರಿಸುತ್ತಾರಲ್ಲ, ಅಯ್ಯೋ ಶಿವನೇ ಎನಿಸಿತು. ಚಿಂಚೋಳಿಯವನು ಆ ಮೈದಾ ನೋಡಿ, "ಇಷ್ಟರಾಗ ಒಂದು ಲಗ್ನದ ಪೂರಿ ಆಗ್ತಿದ್ದವು" ಎಂದು ಹಳಹಳಿಸಿದ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಶಹಾಬಾದಿನವರಿಗೆ ಒಂದು ಚಟ ಇದೆ. ಯಾವ ಬಟ್ಟೆಯನ್ನೇ ಆಗಲಿ, ಎರಡು ಸಲ ಕೊಡವಿ ಝಾಡಿಸದೆ ಮೈಗೆ ತಾಗಿಸುವುದಿಲ್ಲ. ಟವೆಲ್ಲು, ಸೀರೆ, ಹಾಸಿಗೆ, ಅಂಗಡಿಯಿಂದ ಈಗ ತಂದ ಹೊಸ ಅಂಗಿ, ಎಲ್ಲಕ್ಕೂ ಅದೇ ಮರ್ಯಾದೆ. ಕೈ ತಾನೇ ಎದ್ದುಬಿಡುತ್ತದೆ. ಬೆಂಗಳೂರಿನಲ್ಲಿ ಆ ಹೆಣ್ಣುಮಗಳು ಕೊಟ್ಟ ರೇಷ್ಮೆ ಕುರ್ತಾವನ್ನು ನಾನು ಅವಳ ಮುಖದ ಮುಂದೆಯೇ ಫಟಫಟ ಝಾಡಿಸಿದೆ. ಅದರಲ್ಲಿ ಏನಾದರೂ ತಪ್ಪಿದೆಯೇ ಎಂದು ಪಾಪ ಅವಳು ಹೆದರಿದಳು. ನಮ್ಮವ್ವನದು ಇನ್ನೂ ಮುಂದಿನ ದರ್ಜೆ. ಝಾಡಿಸುತ್ತಲೇ ಬಾಯಿಗೆ ಬೈಗುಳವೂ ಬರುತ್ತಿತ್ತು.

ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಲು ಎಷ್ಟು ಗೋಗರೆದೆನೋ! ಬಸ್ಸಾಗಲಿ ರೈಲಾಗಲಿ, ಸೇಡಮ್ಮಿಗಿಂತ ದೂರ ಹೋದರೆ ಅವಳಿಗೆ ವಾಂತಿ. ತವರುಮನೆ ಸೇಡಮ್ಮಿನಲ್ಲೇ ಇದ್ದದ್ದರಿಂದ ಅದರಾಚೆಗೂ ಲೋಕ ಇದೆ ಎಂದು ಅವಳ ಹೊಟ್ಟೆ ಒಪ್ಪಿರಲಿಲ್ಲ. "ನೀನ ಇಲ್ಲಿ ಬಂದು ಬಾರಸು" ಎಂದಳು. ನಮ್ಮ ಕಡೆ ನಮ್ಮನ್ನು ಕರೆಯುವವರು ಯಾರು? ಮನೆ ಮಕ್ಕಳ ಹಾಡಿಗೆ ಚಪ್ಪಾಳೆ ಹೊಡೆದರೆ ಕೈ ಸವೆಯುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಅಷ್ಟರಲ್ಲಿ ಗೂಡ್ಸ್ ಗಾಡಿಯ ಹಾರ್ನೂ ಅವಳಿಗೆ ಒಮ್ಮೆ ಕೇಳಿಸಿದರೆ ಒಮ್ಮೆ ಇಲ್ಲ ಎನ್ನುವ ಹಾಗಾಗಿತ್ತು.

ಕೊನೆಗೆ ಕರೆ ಬಂತು. ಸೇಡಮ್ಮಿನ ಕಾಲೇಜು ಮೈದಾನದಲ್ಲಿ ನಮ್ಮ ಕಾರ್ಯಕ್ರಮ. ಖರ್ಚೆಲ್ಲ ಯಾರದು? ಒಂದು ಸಿಮೆಂಟು ಕಾರ್ಖಾನೆಯದು! ಸ್ಟೇಜಿನ ಹಿಂದೆ ಆಳೆತ್ತರದ ಅಕ್ಷರದಲ್ಲಿ ನಮ್ಮ ಹಾಡಿನ ಹೆಸರು "ಧೂಳು", ಅದರ ಕೆಳಗೆ ಕಾರ್ಖಾನೆಯ ಹೆಸರು. ನಾನು ಬ್ಯಾನರು ನೋಡಿ ವಾಡಿಯವನ ಮುಖ ನೋಡಿದೆ, ಅವನು ಆಕಾಶ ನೋಡಿದ. ಇಷ್ಟು ಖರೆ ಬರೆದ ಜಾಹೀರಾತನ್ನು ನಾನು ಹಿಂದೆ ನೋಡಿರಲಿಲ್ಲ. ಬೇಡ ಎಂದುಬಿಡೋಣ ಎಂದು ಚಿತ್ತಾಪುರದವನು ಒಂದು ಮಾತು ಅಂದ. ಆಮೇಲೆ, ನಮ್ಮವ್ವನನ್ನು ಖಾಲಾ ಎಂದೇ ಕರೆಯುವ ಅವನೇ ನನ್ನ ಭುಜದ ಮೇಲೆ ಕೈಯಿಟ್ಟು, "ಖಾಲಾನ ಸಲುವಾಗಿ ಹೂಂ ಅನ್ನು. ಹೈದರಾಬಾದಿಂದ ಸ್ಪೀಕರ್ ಬರಾಕತ್ಯಾವ, ಮನಿ ಗ್ವಾಡಿಯಷ್ಟು ಎತ್ತರ ಅವ. ಅದರ ಮುಂದ ಕುಂದ್ರಿಸಿದರ ಖಾಲಾಗ ಕೇಳಲೇಬೇಕು" ಎಂದ.

ಕಾರ್ಯಕ್ರಮದ ದಿನ ನಾನೇ ಹೋಗಿ ಎಡಗಡೆಯ ಸ್ಪೀಕರುಗಳ ಎದುರು ಒಂದು ಕುರ್ಚಿ ಹಾಕಿದೆ. ಸೌಂಡ್ ಚೆಕ್ಕಿನಲ್ಲಿ ಅಲ್ಲಿ ಕುಂತು ನೋಡಿದರೆ ಹಲ್ಲು ಅಲುಗಾಡಿದವು. ಸಂಜೆ ಅವ್ವ ಇಳಕಲ್ಲ ಸೀರೆ ಉಟ್ಟು ಬಂದಳು. ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿ, ಇಲ್ಲಿಂದ ಏಳಬೇಡ ಎಂದು ಸನ್ನೆ ಮಾಡಿ ಸ್ಟೇಜಿನ ಹಿಂದೆ ಹೋದೆ. ಹತ್ತನೇ ತರಗತಿಯ ಪರೀಕ್ಷೆಗಳು ನಡೆಯುತ್ತಿದ್ದವು, ಎಂಟು ಗಂಟೆಗೆ ಸರಿಯಾಗಿ ಮೈಕು ಬಂದ್ ಆಗಬೇಕು ಎಂದು ಪೊಲೀಸರು ಮೊದಲೇ ಹೇಳಿದ್ದರು. ಆರಕ್ಕೆ ಶುರು ಮಾಡಿದರೂ ಎರಡು ತಾಸು. ಅಷ್ಟು ಸಾಕಿತ್ತು ನಮಗೆ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಬೆಂಗಳೂರಿನ ಗಾಳಿಯಲ್ಲಿ ನಾನು ಮರೆತಿದ್ದೆ. ಇಲ್ಲಿ ಸನ್ಮಾನ ಇಲ್ಲದೆ ಯಾವ ಶುಭಕಾರ್ಯವೂ ನಡೆಯುವುದಿಲ್ಲ. ಸ್ಟೇಜಿನ ಮೇಲೆ ಒಂದು ಸಾಲು ಸೋಫಾ ಬಂತು. ಸೋಫಾದ ತುಂಬ ಗಣ್ಯರು ಬಂದರು. ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವುದು, ಗಾಳಿಗೆ ಆರಿದ ದೀಪವನ್ನು ಮತ್ತೆ ಹಚ್ಚುವುದು. ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲು ಹೊದಿಸಿದವರಿಗೆ ಶಾಲು ಹೊದಿಸಿಕೊಂಡವರು ತಿರುಗಿ ಶಾಲು ಹೊದಿಸಿದರು. ಮೈದಾನದಲ್ಲಿ ಸುತ್ತಲಿನ ಊರಿನ ಹುಡುಗರು, ಹುಡುಗಿಯರು ನೆಲ ಕಾಣದ ಹಾಗೆ ತುಂಬಿದ್ದರು. ಮೊದಮೊದಲು ಸಿಳ್ಳೆ ಹೊಡೆದರು. ನಂತರ ಸೋತು ಕಡಲೆ ತಿನ್ನುತ್ತ ಕುಂತರು.

ಕಾರ್ಖಾನೆಯ ದೊಡ್ಡ ಸಾಹೇಬರು ಮಾತಿಗೆ ನಿಂತರು. ತಮ್ಮ ಮಗಳು ನಮ್ಮ ಅಭಿಮಾನಿ ಎಂದರು. "ಈ ಹಾಡಿನಲ್ಲಿ ಬರುವ ಧೂಳು ಹೊರಗಿನದಲ್ಲ. ಅದು ಮನುಷ್ಯನ ಒಳಗಿನ ಧೂಳು" ಎಂದು ಅರ್ಥ ಬಿಡಿಸಿದರು. ಅವರ ಹಿಂದೆ ದೂರದಲ್ಲಿ ಅವರದೇ ಚಿಮಣಿ ಹೊಗೆ ಬಿಡುತ್ತಿತ್ತು. ನಾನು ಹಲ್ಲು ಕಚ್ಚಿ ಡ್ರಮ್ಮಿನ ಕೋಲು ಹಿಡಿದು ನಿಂತೆ. ಚಿಂಚೋಳಿಯವನ ಬಾಯಿಂದ ಸಣ್ಣಗೆ ತೆಲುಗು ಹೊರಟಿತ್ತು.

ಆಮೇಲೆ ನಮ್ಮ ನಾಲ್ವರ ಸರದಿ. ತಲೆಗೆ ಪೇಟ, ಮೈಗೆ ಶಾಲು, ಕೈಗೆ ನೆನಪಿನ ಕಾಣಿಕೆ. ಕಾಣಿಕೆ ಎಂದರೆ ನಮ್ಮ ಫೋಟೋ ಕೆತ್ತಿದ ಪರ್ಸಿ ಕಲ್ಲು. ನಮ್ಮವ್ವ ಕಿವಿ ಕೊಟ್ಟು ತಿಕ್ಕಿದ ಕಲ್ಲನ್ನೇ ನನಗೆ ಕಾಣಿಕೆ ಕೊಟ್ಟರು. ಅದನ್ನು ಹೊತ್ತು ಕೆಳಗೆ ನೋಡುತ್ತೇನೆ, ಸ್ಪೀಕರಿನ ಎದುರಿನ ಕುರ್ಚಿ ಖಾಲಿ! ಹಿಂದೆ ತಿರುಗಿದರೆ ಅವ್ವ ಸೋಫಾದ ಮೇಲೆ, ದೊಡ್ಡ ಸಾಹೇಬರ ಪಕ್ಕದಲ್ಲಿ ಕುಂತಿದ್ದಾಳೆ. ಕಲಾವಿದನ ತಾಯಿ ಕೆಳಗೆ ಕುಂತರೆ ಊರಿಗೆ ಅವಮಾನ ಎಂದು ಯಾರೋ ಪುಣ್ಯಾತ್ಮರು ಕೈ ಹಿಡಿದು ಮೇಲೆ ತಂದಿದ್ದರು.

ಸ್ಪೀಕರುಗಳೆಲ್ಲ ಮಂದಿಯ ಕಡೆ ಮುಖ ಮಾಡಿ ನಿಂತಿದ್ದವು. ಅವ್ವ ಅವುಗಳ ಬೆನ್ನ ಹಿಂದೆ. ಅಲ್ಲಿ ಒಳ್ಳೆಯ ಕಿವಿಯವರಿಗೇ ಹಾಡಿನ ಮಾತು ತಿಳಿಯುವುದಿಲ್ಲ. ನಾನು ಓಡಿಹೋಗಿ, "ಅವ್ವನ್ನ ಕೆಳಗ ಕಳಸ್ರಿ" ಎಂದು ಕಾರ್ಯಕ್ರಮ ನಡೆಸುವವರಿಗೆ ಹೇಳಿದೆ.

"ಏ, ಹಂಗ್ಯಾಂಗಾಗ್ತದ್ರಿ? ಅಮ್ಮಾರದು ಸನ್ಮಾನ ಇನ್ನಾ ಉಳದದ. ಸುಮ್ ಕುಂದ್ರಿ ನೀವು."

"ಟೈಮ್ ಎಷ್ಟಾತ್ರಿ?"

"ಇನ್ನಾ ಭಾಳ ಟೈಮ್ ಅದ. ಎಂಟಕ್ಕ ಹತ್ತ ನಿಮಿಷ ಕಮ್ಮಿ."

ಸುಡುಗಾಡು ಹತ್ತಿ ಹೋಗಲಿ ಎಂದು ನಾನು ಪೇಟ ಸಮೇತ ಡ್ರಮ್ಮಿನ ಹಿಂದೆ ಹೋಗಿ ಕುಂತೆ. ಅಳು ಬಂದಿತ್ತು. ನಾಡಿಗೆಲ್ಲ ಕೇಳಿಸಿ ಬಂದೆವು, ಒಬ್ಬಳಿಗೆ ಕೇಳಿಸಲು ಆಗಲಿಲ್ಲ. ಮೈಕು ಬಂದ್ ಮಾಡಿಸಲು ಬಂದ ಪೊಲೀಸ್ ಸಾಹೇಬರು ಆಗಲೇ ಸ್ಟೇಜಿನ ಮೆಟ್ಟಿಲ ಬಳಿ ಗಡಿಯಾರ ನೋಡುತ್ತ ನಿಂತಿದ್ದರು.

ಅವ್ವನನ್ನು ಮೈಕಿನ ಮುಂದೆ ತಂದು ನಿಲ್ಲಿಸಿದರು. ದೊಡ್ಡ ಸಾಹೇಬರು ಶಾಲು ಬಿಡಿಸಿ ಹೊದಿಸಲು ಬಂದರು. ಸಂಜೆಯಿಂದ ಮೇಜಿನ ಮೇಲೆ ಬಯಲಲ್ಲಿ ಬಿದ್ದಿದ್ದ ಶಾಲು ಅದು. ಅವ್ವ ಅದನ್ನು ಒಮ್ಮೆ ನೋಡಿದಳು. ಸಾಹೇಬರ ಕೈಯಿಂದ ತೆಗೆದುಕೊಂಡು, ಎರಡೂ ಅಂಚು ಹಿಡಿದು, ಫಟ್ ಎಂದು ಒಮ್ಮೆ, ಫಟ್ ಎಂದು ಇನ್ನೊಮ್ಮೆ, ಅವರ ಮುಖಕ್ಕೇ ಝಾಡಿಸಿದಳು. ಲೈಟಿನ ಬೆಳಕಿನಲ್ಲಿ ಬೂದಿಬಣ್ಣದ ಧೂಳು ಭಗ್ಗನೆ ಎದ್ದಿತು. ಒಳಗಿನ ಧೂಳಿನ ಅರ್ಥ ಬಿಡಿಸಿದವರು ಕೆಮ್ಮುತ್ತ ಎರಡು ಹೆಜ್ಜೆ ಹಿಂದೆ ಹೋದರು. ಅವ್ವನ ಬಾಯಿ ತನ್ನ ಚಟಕ್ಕೆ ತಾನು ತೆರೆಯಿತು. ಮುಂದೆ ಮೈಕು ಇತ್ತು.

"ಬಂದೇನವ್ವಾ ಧೂಳವ್ವಾ! ಇಲ್ಲೀತನಾನೂ ಬಂದೇನು? ಬಾ, ಕುಂದ್ರು!"

ಕಿವಿ ಕೇಳದವರ ದನಿ ದೊಡ್ಡದು. ಅದರ ಮೇಲೆ ಹೈದರಾಬಾದಿನ ಸ್ಪೀಕರು. ಮೈದಾನ ಒಮ್ಮೆ ದಂಗಾಯಿತು. ಮರುಗಳಿಗೆ ಹಾಡು ಶುರುವಾಯಿತೆಂದು ಅಷ್ಟೂ ಮಂದಿ ಎದ್ದು ನಿಂತರು. ನನ್ನ ಕೈ ನನ್ನನ್ನು ಕೇಳದೆ ಡ್ರಮ್ಮಿಗೆ ಬಿತ್ತು. ಚಿಂಚೋಳಿಯವನು ಹಾರ ಕಿತ್ತೆಸೆದು ಗಿಟಾರು ಕೊರಳಿಗೆ ಹಾಕಿಕೊಂಡ. ಚಿತ್ತಾಪುರದವನು ಶಾಲಿನ ಮೇಲೆಯೇ ಹಾಕಿಕೊಂಡ. ವಾಡಿಯವನಿಗೆ ಏನೂ ಕೆಲಸವಿರಲಿಲ್ಲ, ಅವನ ಮೈಕು ಅವ್ವನ ಹತ್ತಿರ ಇತ್ತು. ಅವ್ವ ನಮ್ಮನ್ನು ನೋಡಿಯೂ ಇಲ್ಲ. ಶಾಲಿನ ಕಡೆ ಕಣ್ಣು ಕೆಕ್ಕರಿಸಿ ಗಂಗಾಳದ ಮಾತು, ಕೌದಿಯ ಮಾತು ಎಲ್ಲ ಮನೆ ಕಟ್ಟೆಯ ಮೇಲೆ ಆಡಿದ ಹಾಗೆಯೇ ಆಡಿದಳು.

"ಹೋಗ್ತೀಯೋ ಇಲ್ಲೋ?"

"ಹೋಗಲ್ಲ!"

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಅಷ್ಟೂ ಕಡೆಯ ಧೂಳು ತಿಂದ ಗಂಟಲುಗಳು ಒಮ್ಮೆಗೇ ಒದರಿದವು. ಅವ್ವ ಕಲ್ಲಿನ ಹಾಗೆ ನಿಂತುಬಿಟ್ಟಳು. ಶಾಲು ಕೈಯಿಂದ ಜಾರಿತು. ಮೆಲ್ಲಗೆ ಮುಖ ಎತ್ತಿ ಮೈದಾನ ನೋಡಿದಳು. ಕಿವಿಯ ಹಿಂದೆ ಕೈ ಇಟ್ಟುಕೊಂಡು, ಪರೀಕ್ಷೆ ಮಾಡುವವಳ ಹಾಗೆ ಇನ್ನೊಮ್ಮೆ ಕೇಳಿದಳು.

"ಹೋಗ್ತೀಯೋ ಇಲ್ಲೋ?"

ಆಗಲೇ ಎಂಟು ಹೊಡೆಯಿತು. ಪೊಲೀಸ್ ಸಾಹೇಬರು ಕೈ ಎತ್ತಿದರು, ಮೈಕು, ಸ್ಪೀಕರು, ಗಿಟಾರು ಎಲ್ಲ ಒಮ್ಮೆಗೇ ಸತ್ತವು. ಆದರೆ ಮಂದಿಯ ಬಾಯಿಗೆ ಕರೆಂಟು ಬೇಕೇ? "ಹೋಗಲ್ಲ!" ಎಂಬುದು ಮೊದಲಿಗಿಂತ ದೊಡ್ಡದಾಗಿ ಬಂದು ಸ್ಟೇಜಿಗೆ ಬಡಿಯಿತು. ನಮ್ಮ ಬ್ಯಾಂಡಿನ ತವರಿನ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ನಾವು ಬಾರಿಸಿದ್ದು ಒಂದು ಪೂರ್ತಿ ಹಾಡೂ ಅಲ್ಲ, ಗಳಿಸಿದ್ದು ನಾಲ್ಕು ಶಾಲು.

ಶಹಾಬಾದಿಗೆ ತಿರುಗಿ ಬರುವಾಗ ಅವ್ವ ಜೀಪಿನಲ್ಲಿ ನನ್ನ ಪಕ್ಕ ಕುಂತಿದ್ದಳು. ಹಾಡು ಕೇಳಿಸಲಾಗಲಿಲ್ಲವೆಂದು ನನಗೆ ಮುಖ ಎತ್ತಲು ಆಗುತ್ತಿರಲಿಲ್ಲ. ಅವಳೇ ನನ್ನ ತೊಡೆ ತಟ್ಟಿದಳು.

"ಖರೇನ ನಂದ ಅದಲೋ ಆ ಹಾಡು."

"ಹೆಂಗ ಗೊತ್ತಾತು?" ತುಟಿ ಅಗಲಿಸಿ ಕೇಳಿದೆ. "ನಿನಗ ಹಾಡ ಕೇಳಲೇ ಇಲ್ಲಲ್ಲ."

"ಹಾಡ ಯಾವನಿಗೆ ಬೇಕು? ಇಷ್ಟು ವರ್ಷ ಹೋಗ್ತೀಯೋ ಇಲ್ಲೋ ಅಂತ ಕೇಳ್ಕೋತ ಬಂದೀನಿ, ಒಬ್ಬರೂ ಜವಾಬ ಕೊಟ್ಟಿದ್ದಿಲ್ಲ. ಇವತ್ತ ಕೊಟ್ರು. ಕೇಳ್ತು ನನಗ." ಆಮೇಲೆ ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡು, ಧೂಳು ಬಿತ್ತು ಎಂದಳು.

ಅವತ್ತು ಮೈದಾನದಲ್ಲಿ ಯಾರೋ ಹಿಡಿದ ವಿಡಿಯೋವನ್ನು ನಮ್ಮ ಹಾಡಿಗಿಂತ ಹೆಚ್ಚು ಮಂದಿ ನೋಡಿದರು. ಬೆಂಗಳೂರಿನ ಮ್ಯಾನೇಜರು ಫೋನು ಮಾಡಿ, ಅಮ್ಮನ ಸ್ಟೇಜ್ ಪ್ರೆಸೆನ್ಸ್ ಅದ್ಭುತ, ಟೂರಿಗೆ ಬರುತ್ತಾರಾ ಎಂದು ಕೇಳಿದ. ನಾವು ನಾಲ್ವರು ಬಂದರೂ ನಡೆಯುತ್ತದೆ ಎಂಬ ದನಿಯಿತ್ತು. ವಾಂತಿಯ ವಿಷಯ ಹೇಳಿದೆ. ಕಾರ್ಖಾನೆಯ ಸಾಹೇಬರು ಮಾತ್ರ ಮತ್ತೆ ಕರೆಯಲಿಲ್ಲ.

ಮಳೆಗಾಲ ಹೋಗುವಷ್ಟರಲ್ಲಿ ಅವ್ವನ ಕಿವಿ ಪೂರ್ತಿ ಮುಚ್ಚಿತು. ಗೂಡ್ಸ್ ಗಾಡಿ ಹೋಯಿತು, ಖಣಿಯ ಸದ್ದು ಹೋಯಿತು, ಕೊನೆಗೆ ನನ್ನ ಡ್ರಮ್ಮೂ ಹೋಯಿತು. ಕಸ ಹೊಡೆಯುವುದು ಮಾತ್ರ ನಿಂತಿಲ್ಲ. ಕಾರ್ಯಕ್ರಮಗಳ ನಡುವೆ ಊರಿಗೆ ಬಂದಾಗ ನಾನು ಕಟ್ಟೆಯ ಮೇಲೆ ಕುಂತು ನೋಡುತ್ತೇನೆ. ಧೂಳವ್ವನಿಗೆ ಅದೇ ಉಪಚಾರ, ಅದೇ ಗಂಗಾಳ, ಅದೇ ಕೌದಿ. ಒಂದು ಮಾತ್ರ ಹೊಸದು. "ಹೋಗ್ತೀಯೋ ಇಲ್ಲೋ?" ಎಂದು ಬಾರಿಗೆ ಕುಟ್ಟಿದ ಮೇಲೆ ಅವಳು ಈಗ ಕೆಲಸ ನಿಲ್ಲಿಸಿ, ಸ್ವಲ್ಪ ಮುಖ ಎತ್ತಿ, ತಡೆದು ನಿಲ್ಲುತ್ತಾಳೆ.

ಮೊನ್ನೆ ಅವಳು ಹಾಗೆ ನಿಂತಾಗ ನಾನು ಬೆನ್ನ ಹಿಂದಿನಿಂದ ಗಂಟಲು ಹರಿಯುವ ಹಾಗೆ, "ಹೋಗಲ್ಲ!" ಎಂದು ಒದರಿದೆ. ಎದುರು ಮನೆಯ ನಾಯಿ ಬೊಗಳಿತು. ಅವ್ವನಿಗೆ ಕೇಳಲಿಲ್ಲ. ಇನ್ನೊಂದು ಗಳಿಗೆ ಕಾದಳು, ಮತ್ತೆ ಬಗ್ಗಿ ಕಸ ಹೊಡೆಯುತ್ತ ನನ್ನ ತನಕ ಬಂದಳು.

"ಕಾಲ ಎತ್ತು" ಎಂದಳು. ಎತ್ತಿದೆ.